ಬಸಿರಿನ ಭಾಷೆ: ಪದಕ್ಕೆ ಪದ ಕೊಟ್ಟರೆ ಅರ್ಥವಾದೀತೆ?

ಬಸಿರು, ಬಾಣಂತನದ ವಿಷಯದಲ್ಲಿ ಕನ್ನಡಕ್ಕೆ ಪದಗಳ ಬಡತನ ಎಂದೂ ಇರಲಿಲ್ಲ. ಮುಟ್ಟು ನಿಂತ ದಿನದಿಂದ ಮಗುವಿನ ಹೊಕ್ಕಳು ಬಳ್ಳಿ ಉದುರುವ ದಿನದವರೆಗೆ ಒಂದೊಂದು ಹಂತಕ್ಕೂ ಹೆಸರಿದೆ. ಬಯಕೆ, ಬಸುರಿ, ಕುಬಸ, ದಿನ ತುಂಬುವುದು, ಬ್ಯಾನಿ, ನೀರು ಒಡೆಯುವುದು, ಮಾಸು, ಪುರುಡು, ಹಸಿ ಬಾಣಂತಿ, ಹಸುಗೂಸು. ಇವನ್ನು ಯಾವ ಪದಕೋಶ ಸಮಿತಿಯೂ ಕೂತು ಮಾಡಿದ್ದಲ್ಲ. ಹೆತ್ತವರು, ಹೆರಿಗೆ ಮಾಡಿಸಿದವರು ಬಳಸಿ ಬಳಸಿ ಉಳಿಸಿಕೊಂಡ ಪದಗಳಿವು. ಹೀಗಿದ್ದೂ ಸ್ಕ್ಯಾನಿಂಗ್ ಕೋಣೆಯಿಂದ ಹೊರಬರುವ ಹೆಣ್ಣುಮಗಳು ಕೈಯಲ್ಲಿ ರಿಪೋರ್ಟು ಹಿಡಿದು, ಹೊರಗೆ ಕಾಯುತ್ತಿರುವ ಆಶಾ ಕಾರ್ಯಕರ್ತೆಯನ್ನು 'ಏನಂತ ಬರದಾರ?' ಎಂದು ಕೇಳುತ್ತಾಳೆ. ಅವಳ ಹೊಟ್ಟೆಯ ಸುದ್ದಿಯನ್ನು ಅವಳಿಗೆ ಇನ್ನೊಬ್ಬರು ಓದಿ ಹೇಳಬೇಕು.

ಕನ್ನಡದ ಆರೋಗ್ಯ ಬರಹಗಳ ಭಾಷೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಕೆಲವು ವರ್ಷಗಳಿಂದ ಬೆನ್ನು ಹತ್ತಿದೆ. ವಿಚಾರ ಸಂಕಿರಣಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ಸಿಗುತ್ತದೆ: ವೈದ್ಯಕೀಯ ಪದಗಳೆಲ್ಲ ಇಂಗ್ಲಿಷಿನಲ್ಲಿವೆ, ಅವಕ್ಕೆ ಕನ್ನಡ ಪದ ಕೊಟ್ಟರೆ ಸಮಸ್ಯೆ ಬಗೆಹರಿಯುತ್ತದೆ. ಈ ಉತ್ತರದ ಬಗ್ಗೆ ನನಗೆ ತಕರಾರಿದೆ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ, ಒಪ್ಪಿಗೆ ಪತ್ರ ಇವುಗಳನ್ನು ಒಂದು ಕತೆಯನ್ನೋ ಕವಿತೆಯನ್ನೋ ಓದುವ ಎಚ್ಚರದಲ್ಲಿ ಓದುತ್ತ ಹೋದಂತೆ ನನಗೆ ಕಂಡದ್ದು ಇಷ್ಟು: ನಾವು ನಾಮಪದಗಳನ್ನು ಅನುವಾದಿಸುತ್ತಿದ್ದೇವೆ, ಬಸುರಿಗೆ ಬೇಕಿರುವುದು ಕ್ರಿಯಾಪದ. ಏನಾಗಿದೆ, ಯಾರು ಮಾಡಿದರು, ಮುಂದೆ ಏನಾಗುತ್ತದೆ, ನಾನೇನು ಮಾಡಬೇಕು ಎನ್ನುವುದನ್ನೆಲ್ಲ ಹೊರುವುದು ವಾಕ್ಯದ ಕೊನೆಯಲ್ಲಿ ಕೂರುವ ಕ್ರಿಯಾಪದವೇ. ಆಸ್ಪತ್ರೆಯ ಕಾಗದದಲ್ಲಿ ಆ ಜಾಗ ಹೆಚ್ಚಾಗಿ ಖಾಲಿ ಇರುತ್ತದೆ.

ಒಂದು ಅಕ್ಷರದಿಂದ ಶುರು ಮಾಡುತ್ತೇನೆ. ಬಸುರಿಯರ ಕೇಸ್ ಶೀಟಿನ ಮೇಲೆ 'ಜಿ3 ಪಿ1 ಎಲ್1 ಎ1' ಎಂಬಂಥ ಸಾಲು ಇರುತ್ತದೆ. 'ಜಿ' ಅಂದರೆ ಗ್ರಾವಿಡಾ. ಭಾರವಾದವಳು ಎಂಬರ್ಥದ ಲ್ಯಾಟಿನ್ ಪದ, ಇಲ್ಲಿ ಎಷ್ಟನೆಯ ಬಸಿರು ಎಂಬ ಲೆಕ್ಕ. 'ಪಿ' ಹೆರಿಗೆಗಳ ಲೆಕ್ಕ, 'ಎಲ್' ಬದುಕಿರುವ ಮಕ್ಕಳ ಲೆಕ್ಕ. 'ಎ' ಅಂದರೆ ಅಬಾರ್ಷನ್. ಮಗು ಹೊರಗೆ ಬದುಕಬಲ್ಲ ಹಂತ ಮುಟ್ಟುವ ಮೊದಲೇ ಬಸಿರು ಕೊನೆಗೊಂಡರೆ, ಅದು ತಾನಾಗಿ ಕೊನೆಗೊಂಡಿರಲಿ, ಮಾತ್ರೆ ನುಂಗಿ ಕೊನೆಗೊಳಿಸಿರಲಿ, ವೈದ್ಯರ ಹಳೆಯ ಲೆಕ್ಕದಲ್ಲಿ ಎಲ್ಲವೂ ಒಂದೇ 'ಎ'. ಮಗುವಿನ ಎದೆಬಡಿತ ಒಳಗೇ ನಿಂತುಹೋಗಿ ತಾಯಿಗೆ ಗೊತ್ತೇ ಆಗದಿದ್ದರೆ ಅದು 'ಮಿಸ್ಡ್ ಅಬಾರ್ಷನ್'. ರಕ್ತ ಕಾಣಿಸಿಕೊಂಡರೂ ಬಸಿರು ಇನ್ನೂ ಉಳಿದಿದ್ದರೆ 'ಥ್ರೆಟನ್ಡ್ ಅಬಾರ್ಷನ್'.

ನನ್ನ ಚಿಕ್ಕಮ್ಮನ ಮಗಳ ಕಾಗದದಲ್ಲಿ ಇಂಥದ್ದೊಂದು 'ಎ' ಇತ್ತು. ಮೂರನೆಯ ತಿಂಗಳಲ್ಲಿ ತಾನಾಗಿ ಹೋದ ಬಸಿರು ಅದು. ಮುಂದಿನ ಬಸಿರಿನಲ್ಲಿ ಆ ಕಾಗದ ಅವಳ ಗಂಡನ ಮನೆಯವರ ಕೈಗೆ ಸಿಕ್ಕಿತು. ಓದು ಬಲ್ಲ ಮೈದುನ ಡಿಸ್ಚಾರ್ಜ್ ಚೀಟಿಯ ಪದವನ್ನು ಗಟ್ಟಿಯಾಗಿ ಓದಿದ. ಅತ್ತೆ ಕೇಳಿದರು: 'ಅಬಾರ್ಷನ್ ಅಂತ ಬರದಾರಲ್ಲ, ಯಾವಾಗ ತಗಸಿದ್ಯವಾ?' ಅಕ್ಕ ಅಂದಳು: 'ತಗಸಿಲ್ರೀ ಅತ್ತಿ, ಹೋತು.' ಈ ಎರಡು ಮಾತುಗಳ ನಡುವೆ ಒಂದು ಸಂಸಾರ ವಾರಗಟ್ಟಲೆ ತೂಗಾಡಿತು.

ಗಮನಿಸಿ, ಕನ್ನಡದಲ್ಲಿ ಈ ಭೇದವನ್ನು ಹೇಳಲು ಹೊಸ ಪದ ಬೇಕಿರಲಿಲ್ಲ. 'ಬಸಿರು ಹೋಯಿತು', 'ಬಸಿರು ತೆಗೆಸಿದಳು'. ನಾಮಪದ ಒಂದೇ, ಕ್ರಿಯಾಪದ ಬೇರೆ. ಮೊದಲನೆಯದರಲ್ಲಿ ಯಾರೂ ಏನೂ ಮಾಡಲಿಲ್ಲ, ಎರಡನೆಯದರಲ್ಲಿ ಮಾಡಿಸಿದವರಿದ್ದಾರೆ. ಓದು ಬಾರದ ಅಜ್ಜಿಗೂ ಸ್ಪಷ್ಟವಿರುವ ಈ ಗೆರೆಯನ್ನು ಆಸ್ಪತ್ರೆಯ ಇಂಗ್ಲಿಷು ಅಳಿಸಿತು. ನಾವು ಅದಕ್ಕೆ ಕೊಟ್ಟ 'ಗರ್ಭಪಾತ' ಎಂಬ ಅನುವಾದವೂ ಅಳಿಸಿತು, ಏಕೆಂದರೆ ಪತ್ರಿಕೆಗಳಲ್ಲಿ ಅದು ಎರಡೂ ಅರ್ಥದಲ್ಲಿ ಓಡಾಡುತ್ತದೆ. ಇಂಗ್ಲಿಷ್ ಆಡುವ ವೈದ್ಯರಿಗೂ ಇದು ಕಾಡಿದೆ. 1985ರಲ್ಲಿ ಬ್ರಿಟನ್ನಿನ ಕೆಲವು ವೈದ್ಯರು ಲ್ಯಾನ್ಸೆಟ್ ಪತ್ರಿಕೆಗೆ ಬರೆದು, ತಾನಾಗಿ ಹೋದ ಬಸಿರಿಗೆ 'ಮಿಸ್‌ಕ್ಯಾರೇಜ್' ಎನ್ನೋಣ, ದುಃಖದಲ್ಲಿರುವ ಹೆಣ್ಣಿನ ಮುಂದೆ 'ಅಬಾರ್ಷನ್' ಬೇಡ ಎಂದು ವಾದಿಸಿದರು. ಅಲ್ಲಿ ಮಾತು ಬದಲಾಯಿತು. ನಮ್ಮ ಕಾಗದಗಳಲ್ಲಿ ಆ 'ಎ' ಇನ್ನೂ ಕೂತಿದೆ. ತೆಗೆಸಿದ್ದರೂ ಅದರಲ್ಲಿ ನಾಚುವಂಥದ್ದಿಲ್ಲ, 1971ರ ಕಾಯ್ದೆ ಅದಕ್ಕೆ ದಾರಿ ಕೊಟ್ಟಿದೆ ಎಂಬುದು ಬೇರೆಯೇ ಮಾತು, ಅದನ್ನೂ ಹೇಳಬೇಕು. ಆದರೆ ಮಾಡದ್ದನ್ನು ಮಾಡಿದಳು ಎಂದು ಒಂದು ಕಾಗದ ಹೇಳುವಂತಾದರೆ, ಅದು ಭಾಷೆಯ ಸಮಸ್ಯೆಯಷ್ಟೇ ಆಗಿ ಉಳಿಯುವುದಿಲ್ಲ.

ಇನ್ನು ಅನುವಾದದ ಮಾತಿಗೆ ಬರೋಣ. ಆರೋಗ್ಯ ಇಲಾಖೆಯ ಕೈಪಿಡಿಗಳ ಕನ್ನಡದಲ್ಲಿ 'ಪ್ರಸವಪೂರ್ವ ರಕ್ತಸ್ರಾವ', 'ಗರ್ಭಕಂಠದ ದೌರ್ಬಲ್ಯ', 'ಅಧಿಕ ಅಪಾಯದ ಗರ್ಭಧಾರಣೆ' ಎಂಬಂಥ ಜೋಡಣೆಗಳು ಬರುತ್ತವೆ. ಇಂಗ್ಲಿಷ್ ಪದ ಮೇಲಿನ ಮಹಡಿಯಲ್ಲಿತ್ತು, ಅದರ ಪಕ್ಕದ ಕೋಣೆಯಲ್ಲಿ ಸಂಸ್ಕೃತ ಪದವನ್ನು ಕೂರಿಸಿದ್ದೇವೆ. ಕೆಳಗೆ ನಿಂತವಳಿಗೆ ಹತ್ತಬೇಕಾದ ಮೆಟ್ಟಿಲು ಅಷ್ಟೇ ಇವೆ. 'ಗರ್ಭಕಂಠದ ದೌರ್ಬಲ್ಯ'ವನ್ನೇ ನೋಡಿ. ಇಂಗ್ಲಿಷಿನಲ್ಲಿ ಇದನ್ನು 'ಇನ್‌ಕಾಂಪಿಟೆಂಟ್ ಸರ್ವಿಕ್ಸ್' ಎನ್ನುತ್ತಿದ್ದರು. ಹೆಣ್ಣಿನ ಒಂದು ಅಂಗಕ್ಕೆ 'ಕೆಲಸಕ್ಕೆ ಬಾರದ್ದು' ಎಂಬ ಪ್ರಮಾಣಪತ್ರ. ನಮ್ಮ ಅನುವಾದ ಆ ಬೈಗುಳವನ್ನೂ ಸೇರಿಸಿಯೇ ತಂದಿತು. ಅದೇ ಸಂಗತಿಯನ್ನು ಒಬ್ಬ ಹಿರಿಯ ನರ್ಸ್ ಹೇಳಿದ್ದನ್ನು ನಾನು ಕೇಳಿದ್ದೇನೆ: 'ಗರ್ಭಚೀಲದ ಬಾಯಿ ಟೈಮಿಗಿಂತ ಮೊದಲ ತೆರಕೊಳ್ಳಾಕತ್ತೈತಿ. ಒಂದು ಹೊಲಿಗಿ ಹಾಕಿ ಬಿಗಿ ಮಾಡ್ತೇವಿ. ದಿನ ತುಂಬಿದ ಮ್ಯಾಲೆ ಬಿಚ್ಚತೇವಿ.' ತೆರಕೊಳ್ಳುವುದು, ಹಾಕುವುದು, ಬಿಗಿ ಮಾಡುವುದು, ಬಿಚ್ಚುವುದು. ನಾಲ್ಕು ಕ್ರಿಯಾಪದಗಳಲ್ಲಿ ರೋಗ, ಚಿಕಿತ್ಸೆ, ಕಾಲಾವಧಿ ಎಲ್ಲ ಬಂತು. ಯಾರ ಮೇಲೂ ತಪ್ಪು ಬೀಳಲಿಲ್ಲ.

ಹಾಗಾದರೆ ಸಂಸ್ಕೃತದ್ದೇ ದೋಷವೇ? ಅಚ್ಚಗನ್ನಡದ ಪದ ತಂದರೆ ಸರಿಹೋಗುತ್ತದೆಯೇ? ಡಿ.ಎನ್. ಶಂಕರ ಬಟ್ಟರ ಬರಹಗಳಿಂದ, 'ಎಲ್ಲರ ಕನ್ನಡ'ದ ಚರ್ಚೆಗಳಿಂದ ಕಲಿತ ನನ್ನಂಥವರಿಗೆ ಹಾಗನ್ನಿಸುವುದು ಸಹಜ. ಆದರೆ ಇದಕ್ಕೆ ಎರಡೂ ಕಡೆಯಿಂದ ಅಡ್ಡ ಬರುವ ಉದಾಹರಣೆಗಳಿವೆ.

ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯ ಮೇಲೆ 'ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ' ಎಂಬ ಫಲಕವಿರುತ್ತದೆ. 1994ರ ಕಾಯ್ದೆಯ ಕೊಡುಗೆ ಇದು. ಇದಕ್ಕಿಂತ ಗಟ್ಟಿ ಸಂಸ್ಕೃತ ಹುಡುಕುವುದು ಕಷ್ಟ. ಆದರೂ ಇದು ಅರ್ಥವಾಗದವರು ಹಳ್ಳಿಯಲ್ಲೂ ಕಡಿಮೆ, ಏಕೆಂದರೆ ಆ ಪದದ ಹಿಂದೆ ಮಾಡುವ, ಮಾಡಬಾರದ ಒಂದು ಕೆಲಸ ಎಲ್ಲರಿಗೂ ಕಾಣುತ್ತದೆ. ಹಾಗೆಯೇ 'ತಾಯಿ ಕಾರ್ಡು'. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಯಾರಿಗೂ ವಿವರಿಸಬೇಕಿಲ್ಲ.

ಇನ್ನೊಂದು ಕಡೆ 'ನಂಜು' ಎಂಬ ನಮ್ಮದೇ ಪದವಿದೆ. ಬಸುರಿಗೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಮೈ ಕೈ ಬಾವು ಬರುವ ಸ್ಥಿತಿಗೆ ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ 'ಟಾಕ್ಸೀಮಿಯಾ' ಎನ್ನುತ್ತಿದ್ದರು. ರಕ್ತದಲ್ಲಿ ಯಾವುದೋ ವಿಷ ಸೇರಿದೆ ಎಂಬ ಊಹೆ. ಕನ್ನಡದ ಆರೋಗ್ಯ ಬರಹಗಾರರು ಅದಕ್ಕೆ 'ಗರ್ಭನಂಜು' ಎಂದರು. ಅಂಥ ವಿಷ ಯಾವುದೂ ಸಿಗದ ಮೇಲೆ ಇಂಗ್ಲಿಷ್ ವೈದ್ಯಕೀಯ ಆ ಹೆಸರನ್ನು ಬಿಟ್ಟು 'ಪ್ರಿಎಕ್ಲಾಂಪ್ಸಿಯಾ' ಎನ್ನತೊಡಗಿತು. ಎಕ್ಲಾಂಪ್ಸಿಯಾ ಎಂಬುದು ತಟ್ಟನೆ ಮಿಂಚುವುದು ಎಂಬ ಗ್ರೀಕ್ ಮೂಲದ್ದು, ಫಿಟ್ಸ್ ಬರುವ ರೀತಿಗೆ ಇಟ್ಟ ಹೆಸರು. ಕನ್ನಡದಲ್ಲಿ ನಂಜು ಉಳಿಯಿತು. ಈಗ ಮನೆಯಲ್ಲಿ ನಂಜು ಅಂದರೆ ಏನು? ಗಾಯ ಕೀವಾದರೆ ನಂಜು. ಬದನೆಕಾಯಿ ತಿಂದರೆ ನಂಜು. ನಂಜಿಗೆ ಮದ್ದು ಪಥ್ಯ. ಡಾಕ್ಟರು 'ನಂಜಿದೆ' ಎಂದಾಗ ಮನೆಯವರು ಬದನೆಕಾಯಿ ಬಿಡಿಸಿ, ತಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡರೆ ಅವರನ್ನು ಹೇಗೆ ದೂರುವುದು? ಪದ ಅವರಿಗೆ ಚೆನ್ನಾಗಿಯೇ ಅರ್ಥವಾಗಿದೆ. ಬೇರೆ ಅರ್ಥದಲ್ಲಿ ಅರ್ಥವಾಗಿದೆ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆ ನೋವು, ಮುಖ ಊದಿಕೊಳ್ಳುವುದು, ಇವು ಬಂದ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು ಎಂಬುದು 'ನಂಜು' ಎಂಬ ನಾಮಪದದೊಳಗೆ ಎಲ್ಲೂ ಇಲ್ಲ.

'ಕಸ' ಎಂಬ ಪದದ ಕತೆಯೂ ಇದೇ. ಮಗು ಹೊರಬಂದ ಮೇಲೆ ಬೀಳುವ ಮಾಸಿಗೆ ನಮ್ಮ ಕಡೆ ಕಸ ಎನ್ನುತ್ತಾರೆ. ಪ್ಲಾಸೆಂಟಾ ಎಂಬ ಲ್ಯಾಟಿನ್ ಪದದ ಅರ್ಥ ಚಪ್ಪಟೆ ರೊಟ್ಟಿಯಂಥ ತಿನಿಸು. ಅವರು ಕಂಡದ್ದು ಆಕಾರವನ್ನು, ನಾವು ಹೆಸರಿಟ್ಟದ್ದು ಕೊನೆಯ ಗತಿಗೆ. ಒಂಬತ್ತು ತಿಂಗಳು ಮಗುವಿಗೆ ಅನ್ನ, ಗಾಳಿ ಕೊಟ್ಟ ಅಂಗ ನಮ್ಮ ಮಾತಿನಲ್ಲಿ ಎಸೆಯಬೇಕಾದ ವಸ್ತು. ಇದರ ಜೊತೆಗೇ 'ಕೆಟ್ಟ ರಕ್ತ ಎಲ್ಲಾ ಹೋಗಬೇಕು' ಎಂಬ ನಂಬಿಕೆ ಬರುತ್ತದೆ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ವೈದ್ಯರು ಅದನ್ನು ಅಪಾಯ ಎಂದು ಎಣಿಸುತ್ತಾರೆ. 'ಕೆಟ್ಟದ್ದು ಹೋಗಲಿ' ಎಂದು ಕಾಯುವವರ ಕಣ್ಣಿಗೆ ಆ ಅರ್ಧ ಲೀಟರು ಒಳ್ಳೆಯ ಲಕ್ಷಣವಾಗಿ ಕಂಡೀತು. ಅಚ್ಚಗನ್ನಡವಾದ ಮಾತ್ರಕ್ಕೆ ಒಂದು ಪದ ಹೆಣ್ಣಿನ ಪರ ಆಗಿಬಿಡುವುದಿಲ್ಲ.

ಅದೇ ಮಾಸು ಗರ್ಭಚೀಲದ ಕೆಳಗೆ ಅಂಟಿಕೊಂಡಿರುವ ಸ್ಥಿತಿಗೆ 'ಪ್ಲಾಸೆಂಟಾ ಪ್ರೀವಿಯಾ' ಎನ್ನುತ್ತಾರೆ. ಇದನ್ನು 'ಮಾಸು ಮಗು ಬರೋ ದಾರಿಗೆ ಅಡ್ಡ ಕೂತೈತಿ, ರಕ್ತ ಕಂಡರ ನೋವು ಬರೋತನಕ ಕಾಯಬ್ಯಾಡ್ರಿ, ಓಡಿ ಬರ್ರಿ' ಎಂದರೆ ಮುಗಿಯಿತು. ಕೂತಿದೆ, ಕಾಯಬೇಡಿ, ಬನ್ನಿ. ಪದ ಇಂಗ್ಲಿಷಿನದೋ ಕನ್ನಡದ್ದೋ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ.

ಅರ್ಥವಾಗದ ಪದ ಸುಮ್ಮನೆ ಖಾಲಿಯಾಗಿ ಇರುವುದಿಲ್ಲ ಎಂಬುದನ್ನೂ ಸ್ಕ್ಯಾನಿಂಗ್ ರಿಪೋರ್ಟು ಕಲಿಸುತ್ತದೆ. ಅದರಲ್ಲಿ ಪ್ಲಾಸೆಂಟಾ 'ಆಂಟೀರಿಯರ್' ಅಥವಾ 'ಪೋಸ್ಟೀರಿಯರ್' ಎಂದು ಬರೆದಿರುತ್ತದೆ. ಮಾಸು ಗರ್ಭಚೀಲದ ಮುಂದಿನ ಗೋಡೆಗೆ ಅಂಟಿದೆಯೋ ಹಿಂದಿನದಕ್ಕೋ ಎಂಬುದಷ್ಟೇ ಅದರ ಅರ್ಥ. ಆದರೆ ಒಂದು ಇದ್ದರೆ ಹೆಣ್ಣು, ಇನ್ನೊಂದು ಇದ್ದರೆ ಗಂಡು ಎಂದು ಓದುವ ಗುಪ್ತ ವ್ಯಾಕರಣವೊಂದು ಮನೆಮನೆಯಲ್ಲಿ ಹಬ್ಬಿದೆ. ಗೋಡೆಯ ಮೇಲಿನ ಫಲಕ ಹೇಳಬಾರದು ಎಂದದ್ದನ್ನು ರಿಪೋರ್ಟಿನ ಲ್ಯಾಟಿನ್ ಹೇಳಿಬಿಟ್ಟಿದೆ ಎಂದು ನಂಬಿ ಖುಷಿಪಡುವವರು, ಮುಖ ಸಪ್ಪಗೆ ಮಾಡುವವರು ಇದ್ದಾರೆ. 'ಮುಂದಿನ ಗೋಡೆ', 'ಹಿಂದಿನ ಗೋಡೆ' ಎಂದು ಬರೆದಿದ್ದರೆ ಈ ಜ್ಯೋತಿಷ್ಯ ಇಷ್ಟು ಸಲೀಸಾಗಿ ಹುಟ್ಟುತ್ತಿತ್ತೇ? ಖಾಲಿ ಬಿಟ್ಟ ಜಾಗದಲ್ಲಿ ಸಮಾಜ ತನ್ನ ಆಸೆಯನ್ನು ಬರೆದುಕೊಳ್ಳುತ್ತದೆ.

ಲೆಕ್ಕದ ಭಾಷೆಯಲ್ಲಿ ಇನ್ನೊಂದು ಬಗೆಯ ತೊಡಕಿದೆ. ಮನೆ ತಿಂಗಳಲ್ಲಿ ಎಣಿಸುತ್ತದೆ, ಆಸ್ಪತ್ರೆ ವಾರದಲ್ಲಿ ಎಣಿಸುತ್ತದೆ. ಮನೆಯ ಎಣಿಕೆಯನ್ನು ಒರಟು ಎನ್ನಬೇಕಾಗಿಲ್ಲ. 'ಏಳು ತುಂಬಿ ಎಂಟರಾಗ ಬಿದ್ದೈತಿ' ಎಂಬ ಮಾತು ಪೂರ್ತಿಯಾದ ತಿಂಗಳು, ನಡೆಯುತ್ತಿರುವ ತಿಂಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ತುಂಬು, ಬೀಳು ಎಂಬ ಎರಡು ಕ್ರಿಯಾಪದಗಳ ಕೆಲಸ ಅದು. ತೊಡಕಿರುವುದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬಲ್ಲಿ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಜರ್ಮನಿಯ ವೈದ್ಯ ನೇಗೆಲೆಯ ಹೆಸರಿನಲ್ಲಿರುವ ಸೂತ್ರವಿದು. ಒಟ್ಟು 280 ದಿನ, 40 ವಾರ. ನಮ್ಮ ಕಡೆ 'ಕೊನೆಯ ಸಲ ಯಾವಾಗ ಆಗಿತ್ತು?' ಎಂದು ಕೇಳಿದರೆ ಎಷ್ಟೋ ಹೆಂಗಸರು ಎರೆದುಕೊಂಡ ದಿನ, ಅಂದರೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನವನ್ನು ಹೇಳುತ್ತಾರೆ. ಅವರ ನೆನಪಿನ ಗುರುತು ಅದು. ಮೊದಲ ದಿನ ಯಾವುದು ಎಂದು ಬಿಡಿಸಿ ಕೇಳದಿದ್ದರೆ ಲೆಕ್ಕ ಮೂರು ನಾಲ್ಕು ದಿನ ಜಾರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಮುಟ್ಟಿನ ದಿನದಿಂದ ಎಣಿಸುವುದರಿಂದ ಬಸಿರು ಕಟ್ಟುವ ಮೊದಲಿನ ಸುಮಾರು ಎರಡು ವಾರ ಕೂಡ ಬಸಿರಿನ ಲೆಕ್ಕಕ್ಕೆ ಸೇರುತ್ತದೆ. ಮುಟ್ಟಾಗಿ ಹತ್ತು ದಿನಕ್ಕೆ ಮದುವೆಯಾದ ಹುಡುಗಿ, ಮದುವೆಯಾಗಿ ಐದು ವಾರಕ್ಕೆ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ 'ಆರು ವಾರ ಮೂರು ದಿನ' ಎಂದು ಬರುತ್ತದೆ. ಲಗ್ನಪತ್ರಿಕೆಯ ತಾರೀಕು ಕೈಯಲ್ಲಿ ಹಿಡಿದು ಲೆಕ್ಕ ಹಾಕುವ ಮನೆಯಲ್ಲಿ ಆ ಒಂದೂವರೆ ವಾರಕ್ಕೆ ಅವಳು ಯಾವ ಉತ್ತರ ಕೊಡಬೇಕು? 'ಬಸಿರಿನ ವಯಸ್ಸು' ಎಂಬ ನಾಮಪದ ಇಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆ. 'ಮುಟ್ಟಾದ ದಿನದಿಂದ ಎಣಿಸಿದರೆ ಇಷ್ಟು' ಎಂಬ ಒಂದು ತುಂಡು ವಾಕ್ಯ ರಿಪೋರ್ಟಿನಲ್ಲಿ ಕನ್ನಡದಲ್ಲಿದ್ದರೆ ಆಕೆಯ ಮರ್ಯಾದೆ ಉಳಿಯುತ್ತದೆ. ಹೆರಿಗೆಯ 'ಡೇಟ್' ಕೂಡ ಹಾಗೆಯೇ. ಡಾಕ್ಟರು ಡೇಟ್ 'ಕೊಟ್ಟಿದ್ದಾರೆ' ಎನ್ನುತ್ತೇವೆ, ಕೋರ್ಟು ಕೊಟ್ಟಂತೆ. ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. 37 ವಾರ ತುಂಬಿದ ಮೇಲೆ 42 ವಾರದೊಳಗೆ ಯಾವಾಗ ಬಂದರೂ ಅದು ದಿನ ತುಂಬಿದ ಮಗುವೇ ಎಂದು ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ.

ಇಲ್ಲಿಗೆ ಹೆರಿಗೆಯ ಕೋಣೆಗೆ ಬಂದೆವು. ಉತ್ತರ ಕರ್ನಾಟಕದಲ್ಲಿ 'ಬ್ಯಾನಿ ತಿನ್ನಾಕತ್ತಾಳ' ಎನ್ನುತ್ತಾರೆ. ನೋವು ಅವಳನ್ನು ತಿನ್ನುತ್ತಿಲ್ಲ, ಅವಳು ನೋವನ್ನು ತಿನ್ನುತ್ತಿದ್ದಾಳೆ. ಕರ್ತೃ ಅವಳು. ಅಲ್ಲಿಂದ ಮುಂದೆ 'ಹಡೆದಳು', 'ಹೆತ್ತಳು'. ಅದೇ ಸಿಸೇರಿಯನ್ ಆದರೆ 'ಮಗು ತೆಗೆದರು'. ಕರ್ತೃ ಬದಲಾಯಿತು. ಹೊಟ್ಟೆ ಕೊಯ್ಯಿಸಿಕೊಂಡು, ಹೊಲಿಗೆಯ ಮೇಲೆ ಮಗ್ಗುಲು ಬದಲಿಸಲಾಗದೆ, ಮಗುವಿಗೆ ಹಾಲೂಡಿಸಿದವಳಿಗೆ ಹೆತ್ತವಳು ಎಂಬ ಕ್ರಿಯಾಪದ ಸಿಗುವುದಿಲ್ಲ. ಅವಳು 'ನಾರ್ಮಲ್' ಅಲ್ಲ. ಕನ್ನಡದಲ್ಲಿ ಇಷ್ಟು ಬೇಗ ಬೇರು ಬಿಟ್ಟ ಇಂಗ್ಲಿಷ್ ಪದಗಳು ಕಡಿಮೆ. 'ನಾರ್ಮಲ್ಲೋ ಸಿಸೇರಿಯನ್ನೋ?' ಎಂಬ ಪ್ರಶ್ನೆ ಕೇಳುವವರ ಬಾಯಲ್ಲಿ ಮೊದಲನೆಯದು ಪಾಸು, ಎರಡನೆಯದು ಫೇಲು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್. ಇಷ್ಟೊಂದು ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಆಸ್ಪತ್ರೆಗಳನ್ನು ಕೇಳಬೇಕಾದ ಪ್ರಶ್ನೆ. 'ನಾರ್ಮಲ್' ಎಂಬ ಪದ ಅದನ್ನು ಹೆತ್ತವಳ ಕಡೆಗೆ ತಿರುಗಿಸಿಬಿಡುತ್ತದೆ.

'ಡೆಲಿವರಿ ಆಯ್ತು' ಎಂಬಲ್ಲಂತೂ ಕರ್ತೃವೇ ಇಲ್ಲ. 'ಹೆರಿಗೆ ಆಯಿತು' ಎಂಬ ಹಳೆಯ ಮಾತಿನಲ್ಲೂ ಇಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಕರ್ತೃವನ್ನು ಮರೆಸುವ ಕಲೆ ಕನ್ನಡಕ್ಕೆ ಹೊಸದಲ್ಲ. ಆದರೆ ಆಸ್ಪತ್ರೆಯ ಕನ್ನಡ ಅದನ್ನು ಕಾನೂನು ಮಾಡಿಕೊಂಡಿದೆ. ಒಪ್ಪಿಗೆ ಪತ್ರದ ಕೊನೆಯ ಸಾಲು ನೋಡಿ. 'ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ' ಎಂಬಂಥ ಒಂದು ಸಾಲು ಇರುತ್ತದೆ. ಯಾರು ವಿವರಿಸಿದರು? ಏನು ವಿವರಿಸಿದರು? 'ಲಾಗಿದೆ' ಎಂಬ ಕರ್ಮಣಿ ಪ್ರತ್ಯಯದ ಮರೆಯಲ್ಲಿ ಇಬ್ಬರೂ ಅಡಗಿದ್ದಾರೆ. ಸಹಿಯನ್ನು ಎಷ್ಟೋ ಸಲ ಗಂಡನೋ ಅಪ್ಪನೋ ಹಾಕುತ್ತಾನೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಸ್ಪಷ್ಟ ಮಾತು ಹೇಳಿತು. ಪರೀಕ್ಷೆಗೆಂದು ಅರಿವಳಿಕೆ ಪಡೆದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣವದು. ಪ್ರಾಯಕ್ಕೆ ಬಂದ, ಎಚ್ಚರಾದ ಮೇಲೆ ತಾನೇ ನಿರ್ಧರಿಸಬಲ್ಲ ಹೆಣ್ಣಿನ ಪರವಾಗಿ, ಜೀವಕ್ಕೆ ಅಪಾಯವಿಲ್ಲದಾಗ, ಬೇರೆಯವರ ಒಪ್ಪಿಗೆ ಸಲ್ಲದು. ಒಪ್ಪಿಗೆಗೆ ಮೊದಲು ಚಿಕಿತ್ಸೆ ಏನು, ಅದರ ಅಪಾಯಗಳೇನು, ಬೇರೆ ದಾರಿಗಳೇನು ಎಂಬುದನ್ನು ತಿಳಿಸಬೇಕು ಎಂದು ಕೋರ್ಟು ಹೇಳಿತು. ನ್ಯಾಯಾಲಯ ಕೇಳಿದ್ದೂ ಒಂದು ವ್ಯಾಕರಣವನ್ನೇ: ಈ ವಾಕ್ಯದ ಕರ್ತೃ ಯಾರು?

ಸಾಹಿತ್ಯ ಇಲ್ಲಿ ಏನು ಮಾಡಿದೆ? ಡಾ. ಅನುಪಮಾ ನಿರಂಜನ ಅವರ ಹೆಸರು ಮೊದಲು ಬರಬೇಕು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರ 'ತಾಯಿ-ಮಗು' ಒಂದು ತಲೆಮಾರಿನ ಹೆಣ್ಣುಮಕ್ಕಳ ಕಪಾಟಿನಲ್ಲಿದ್ದ ಪುಸ್ತಕ. ಅಂಥ ಪುಸ್ತಕಗಳ ಬಲ ಪಾರಿಭಾಷಿಕ ಪದಗಳಲ್ಲಿ ಇರಲಿಲ್ಲ. ಎದುರಿಗೆ ಒಬ್ಬ ಓದುಗಿಯನ್ನು ಕೂರಿಸಿಕೊಂಡು ಮಾತಾಡುವ ಗದ್ಯದಲ್ಲಿತ್ತು. ನಮ್ಮ ವಿಮರ್ಶೆ ಅವರ ಕಾದಂಬರಿಗಳನ್ನು ಚರ್ಚಿಸಿದಷ್ಟು ಈ ಬರಹಗಳನ್ನು ಗದ್ಯವೆಂದು ಓದಲಿಲ್ಲ. 'ಆರೋಗ್ಯ ಸಾಹಿತ್ಯ' ಎಂಬ ಬೇರೆ ಕಪಾಟಿಗೆ ಸೇರಿಸಿ ಕೈತೊಳೆದುಕೊಂಡಿತು.

ಎರಡನೆಯ ಹೆಸರು ತ್ರಿವೇಣಿ. ಮನಸ್ಸಿನ ಕಾಯಿಲೆಗಳನ್ನು ಕಾದಂಬರಿಯೊಳಕ್ಕೆ ತಂದ ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗುತ್ತಾಳೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆದಮೇಲೆ ಇದು ಎಲ್ಲರಿಗೂ ಗೊತ್ತಿರುವ ಕತೆ. ಈ ಸ್ಥಿತಿಗೆ ಕನ್ನಡದಲ್ಲಿ ಹಳೆಯ ಪದವಿತ್ತು, 'ಬಾಣಂತಿ ಸನ್ನಿ'. ಹೆತ್ತವಳ ಮನಸ್ಸು ಕೆಡಬಹುದು ಎಂಬುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಆದರೆ ಕಾದಂಬರಿಯ ಸಂಕಟ ಇರುವುದು ರೋಗದಲ್ಲಿ ಮಾತ್ರವಲ್ಲ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಗೆ 'ಗುಣವಾದಳು' ಎಂಬ ಕ್ರಿಯಾಪದವನ್ನು ಯಾರೂ ಕೊಡುವುದಿಲ್ಲ. ಮನೆ, ಬೀದಿ, ಗಂಡ ಎಲ್ಲರೂ 'ಹುಚ್ಚಿ' ಎಂಬ ನಾಮಪದದಲ್ಲೇ ಅವಳನ್ನು ಕೂಡಿಹಾಕುತ್ತಾರೆ. ಆ ಪಂಜರದ ಸರಳುಗಳು ಪದಗಳವು. ಇದನ್ನು ಬರೆದ ತ್ರಿವೇಣಿ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು ಎಂಬುದನ್ನು ನೆನೆದರೆ ಕಾದಂಬರಿಯ ಓದು ಇನ್ನಷ್ಟು ಭಾರವಾಗುತ್ತದೆ.

ಇಂದಿಗೂ 'ಪ್ರಸವಾನಂತರದ ಖಿನ್ನತೆ' ಎಂಬ ಪದವನ್ನು ಬಾಣಂತಿಯೊಬ್ಬಳು ಆಡಿದ್ದನ್ನು ನಾನು ಕೇಳಿಲ್ಲ. ಅವರು ಆಡುವ ಮಾತು ಬೇರೆ: 'ಯಾವುದರಾಗೂ ಮನಸ್ಸು ಕೂಡವಲ್ದು', 'ಕೂಸಿನ್ನ ಎತ್ತಿಕೊಳ್ಳಬೇಕು ಅನಸವಲ್ದು', 'ಸುಮ್ಮಸುಮ್ಮನ ಅಳು ಬರ್ತೈತಿ'. ಕೂಡದ, ಅನಿಸದ, ಬರುವ ಈ ಕ್ರಿಯಾಪದಗಳೇ ರೋಗಲಕ್ಷಣಗಳ ಪಟ್ಟಿ. ಇವನ್ನು ಕೇಳಿಸಿಕೊಳ್ಳುವ ಕಿವಿ ಇದ್ದರೆ 'ಖಿನ್ನತೆ'ಯ ಅನುವಾದಕ್ಕೆ ಒದ್ದಾಡಬೇಕಿಲ್ಲ.

ಹೀಗೆಂದಾಗ ನಾನು ಹಳೆಯ ಕಾಲಕ್ಕೆ ಹಾಡು ಹಾಡುತ್ತಿದ್ದೇನೆ ಎಂದು ತಿಳಿಯಬಾರದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥವರ ಕೈಗುಣ, ಬಾಯಿಮಾತು ಎರಡೂ ಗೌರವಕ್ಕೆ ಅರ್ಹ. ಆದರೆ ಲೆಕ್ಕವನ್ನೂ ನೋಡಬೇಕು. ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ಇಳಿಕೆಯ ಹಿಂದೆ ಆಸ್ಪತ್ರೆಯ ಹೆರಿಗೆ, 108 ವಾಹನ, ರಕ್ತನಿಧಿ, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಇವೆ. ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋಗಲೇಬೇಕು. ಹೋದಮೇಲೆ ಅಲ್ಲಿನ ಭಾಷೆಯಲ್ಲಿ ಅವರಿಗೊಂದು ಜಾಗವೂ ಬೇಕು. ಉಳಿದಿರುವ 69ರಲ್ಲಿ ಮಾತು ತಿಳಿಯದೆ ತಡವಾದ ಸಾವುಗಳು ಎಷ್ಟು ಎಂದು ಯಾವ ಕಾಲಮ್ಮೂ ಹೇಳುವುದಿಲ್ಲ.

ಪದಕೋಶಗಳು ಬೇಡ ಎಂಬುದು ನನ್ನ ವಾದವಲ್ಲ. ವೈದ್ಯ ವಿದ್ಯಾರ್ಥಿಗೆ, ಅನುವಾದಕರಿಗೆ ಅವು ಬೇಕು. ಆದರೆ ಬಸುರಿಯ ಕೈಗೆ ಕೊಡುವ ಕಾಗದಕ್ಕೆ ಬೇರೆಯ ಪರೀಕ್ಷೆ ಇರಬೇಕು. ಒಂದು ಪದ ಬರೆದಾಗ ಮೂರು ಪ್ರಶ್ನೆ ಕೇಳೋಣ. ಮೈಯೊಳಗೆ ಏನು ನಡೆಯುತ್ತಿದೆ ಎಂದು ಇದು ಹೇಳುತ್ತದೆಯೇ? ಯಾರ ಮೇಲಾದರೂ ಸುಮ್ಮನೆ ತಪ್ಪು ಹೊರಿಸುತ್ತದೆಯೇ? ಯಾವಾಗ, ಏನು ಮಾಡಬೇಕು ಎಂದು ತಿಳಿಸುತ್ತದೆಯೇ? ಮೊದಲನೆಯದಕ್ಕೂ ಮೂರನೆಯದಕ್ಕೂ 'ಹೌದು', ಎರಡನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ ಆ ಪದ ಲ್ಯಾಟಿನ್ನಿನದಾದರೂ ಇರಲಿ, ಹಳಗನ್ನಡದ್ದಾದರೂ ಇರಲಿ. ಬಿಪಿ, ಶುಗರ್, ಸ್ಕ್ಯಾನ್, ಡ್ರಿಪ್ ಎಂಬವನ್ನೆಲ್ಲ ನಮ್ಮ ಹೆಂಗಸರು ಎಂದೋ ತಮ್ಮದಾಗಿಸಿಕೊಂಡಿದ್ದಾರೆ. ಅವನ್ನು ಕಿತ್ತುಕೊಂಡು 'ಧ್ವನ್ಯಾತೀತ ತರಂಗ ಪರೀಕ್ಷೆ' ಕೊಡುವುದು ಭಾಷಾಸೇವೆಯಾಗದು.

ಈ ಕೆಲಸವನ್ನು ವೈದ್ಯರಷ್ಟೇ ಮಾಡಲಾರರು, ಅವರಿಗೆ ಹೊತ್ತಿಲ್ಲ. ಕನ್ನಡ ವಿಭಾಗಗಳ ನಾವು ಮಾಡಬಹುದು. ಪಠ್ಯವನ್ನು ಓದುವುದೇ ನಮ್ಮ ಕಸುಬು, ಒಂದು ವಾಕ್ಯದಲ್ಲಿ ಯಾರು ಕಾಣೆಯಾಗಿದ್ದಾರೆ ಎಂದು ಹುಡುಕುವುದೇ ನಮಗೆ ಕಲಿಸಿದ ವಿದ್ಯೆ. ಸಾವಿರ ವರ್ಷದ ಕಾವ್ಯಗಳಲ್ಲಿ ಅದನ್ನು ಹುಡುಕುವವರು ಒಂದು ದಿನ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನರ್ಸು, ಆಶಾ ಕಾರ್ಯಕರ್ತೆ, ಬಸುರಿಯ ಅವ್ವ ಇವರ ಜೊತೆ ಕೂತು ಒಂದು ತಾಯಿ ಕಾರ್ಡನ್ನು ಸಾಲು ಸಾಲಾಗಿ ಓದಬಹುದು. 'ಎ1' ಎಂದಿರುವ ಕಡೆ 'ಹಿಂದೆ ಒಂದು ಬಸಿರು ತಾನಾಗಿ ಹೋಗಿದೆ' ಎಂದು ಬರೆಯಲು ಎಷ್ಟು ಶಾಯಿ ಬೇಕು?